ಮನೆಯಲ್ಲೇ ಕೂತು ತಿಂಗಳಿಗೆ ಎಂಟು ಸಾವಿರ: ಮೋಸ ಇಲ್ಲದ ದಾರಿ ಯಾವುದಾದರೂ ಇದೆಯಾ?

ಹೇಮಾವತಿ ದಡ | 14 ಅಕ್ಟೋಬರ್ 2024

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಸುಮ್ಮನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು.

ನಮ್ಮೂರು ಹೊಳೆನರಸೀಪುರದ ಹತ್ತಿರ. ಬಿ.ಕಾಂ. ಆಗಿದೆ. ಹಾಸನದಲ್ಲಿ ಒಬ್ಬ ಆಡಿಟರ್ ಆಫೀಸಲ್ಲಿ ನಾಲ್ಕು ವರ್ಷ ಇದ್ದೆ, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಲ್ಲಿ ಎಂಟ್ರಿ, ಬಿಲ್ಲು ಜೋಡಿಸೋದು ಅದೂ ಇದೂ. ಫೆಬ್ರವರಿಯಲ್ಲಿ ಅತ್ತೆಗೆ ಲಕ್ವ ಹೊಡೀತು. ಎಡಗಡೆ ಸ್ವಾಧೀನ ಇಲ್ಲ. ಮಗ ಎರಡನೇ ಕ್ಲಾಸು. ಹಾಗಾಗಿ ಕೆಲಸ ಬಿಟ್ಟೆ. ಯಜಮಾನರ ಸಂಬಳ ಒಂದರಲ್ಲೇ ಔಷಧಿ, ಫಿಸಿಯೋ, ಸ್ಕೂಲ್ ಫೀಸು ಹೊಂದಿಸೋದು ಕಷ್ಟ ಆಗ್ತಿದೆ.

ನನಗೆ ಸಿಗೋ ಹೊತ್ತು ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆ, ಮತ್ತೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದೂವರೆ ಗಂಟೆ. ಹಳೇ ಲ್ಯಾಪ್‌ಟಾಪ್ ಇದೆ, ನೆಟ್ ಪರವಾಗಿಲ್ಲ. ಕನ್ನಡ ಟೈಪಿಂಗ್ ಬರುತ್ತೆ. ಫೋನಿಗೆ ದಿನಾ ಒಂದು ಜಾಹೀರಾತು ಬರುತ್ತೆ, ಪುಟಕ್ಕೆ 40 ರೂಪಾಯಿ ಟೈಪಿಂಗ್, ಪೆನ್ಸಿಲ್ ಪ್ಯಾಕಿಂಗ್ ತಿಂಗಳಿಗೆ 30 ಸಾವಿರ, ಅಂತ. ಯಾವುದನ್ನೂ ನಂಬೋಕೆ ಧೈರ್ಯ ಇಲ್ಲ. ನನಗೆ 30 ಸಾವಿರ ಬೇಡ. ಎಂಟು ಬಂದರೆ ಸಾಕು. ನಿಜವಾಗಿ ಮಾಡ್ತಿರೋರು ಯಾರಾದರೂ ಹೇಳಿ.

ಅಚ್ಚುಮೊಳೆ | 14 ಅಕ್ಟೋಬರ್

ಮೇಡಂ, ಮೈಸೂರಲ್ಲಿ 22 ವರ್ಷದಿಂದ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಟೈಪಿಂಗ್ ವಿಷಯ ಮಾತ್ರ ಹೇಳ್ತೀನಿ, ಬೇರೆಯದು ನನಗೆ ಗೊತ್ತಿಲ್ಲ.

ಒಂದು ಕಾಲದಲ್ಲಿ ನನ್ನ ಕೈಕೆಳಗೆ ಏಳು ಹೆಣ್ಣುಮಕ್ಕಳು ಮನೆಯಿಂದಲೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್ ಕಳಿಸ್ತಿದ್ದರು. ಪಿಎಚ್‌ಡಿ ಪ್ರಬಂಧ, ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ. ಈಗ ಇಬ್ಬರೇ. ಅಚ್ಚಾದ ಪುಟವನ್ನು ಫೋಟೋ ಹೊಡೆದರೆ ಅಕ್ಷರ ಮಾಡಿಕೊಡುವ ತಂತ್ರಾಂಶ ಪುಕ್ಕಟೆ ಸಿಗುತ್ತೆ, ಕನ್ನಡವನ್ನೂ ಸುಮಾರಾಗಿ ಓದುತ್ತೆ. ಹೀಗಿರುವಾಗ ಅಚ್ಚಾದ ಇಂಗ್ಲಿಷ್ ಪುಟವನ್ನು ಮತ್ತೆ ಟೈಪ್ ಮಾಡೋಕೆ ಯಾವ ಪುಣ್ಯಾತ್ಮ 40 ರೂಪಾಯಿ ಕೊಡ್ತಾನೆ? ಅಲ್ಲೇ ಯೋಚನೆ ಮಾಡಿ. ಆ ಕೆಲಸ ಬೇಕಾದ ಗಿರಾಕಿಯೇ ಲೋಕದಲ್ಲಿಲ್ಲ.

ಉಳಿದಿರೋದು ಎರಡು. ಒಂದು, ಯಂತ್ರ ಓದಿದ್ದನ್ನು ತಿದ್ದೋದು. ಅದಕ್ಕೆ ಒತ್ತಕ್ಷರ ತಪ್ಪಿದರೆ ಗೊತ್ತಾಗಲ್ಲ, ಅರ್ಕಾವೊತ್ತು ಬಂದರೆ ಕಣ್ಣು ಬಿಡುತ್ತೆ, ಕೈಬರಹ ಅಂದರೆ ಕೈ ಚೆಲ್ಲುತ್ತೆ. ಎರಡು, ಹಳೇ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳನ್ನು ಯೂನಿಕೋಡಿಗೆ, ಅಂದರೆ ಎಲ್ಲಾ ಕಂಪ್ಯೂಟರಲ್ಲೂ ಓದೋಕೆ ಬರೋ ಅಕ್ಷರಕ್ಕೆ ತಂದು ಸರಿಮಾಡೋದು. ನಾನು ಪುಟಕ್ಕೆ 12ರಿಂದ 18 ರೂಪಾಯಿ ಕೊಡ್ತೀನಿ. ಪಳಗಿದ ಕೈಗೆ ಗಂಟೆಗೆ ಐದಾರು ಪುಟ. ಆದರೆ ತಿಂಗಳೆಲ್ಲಾ ಕೆಲಸ ಇರಲ್ಲ, ಇದು ನೆನಪಿರಲಿ. ಒಂದು ತಿಂಗಳು 300 ಪುಟ, ಮುಂದಿನ ತಿಂಗಳು ಸೊನ್ನೆ.

ಕಗಪ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡೋರಾದರೆ ನನಗೆ ಸಂದೇಶ ಕಳಿಸಿ. ಎರಡು ಪುಟ ಕೊಡ್ತೀನಿ, ಅದಕ್ಕೂ ದುಡ್ಡು ಕೊಡ್ತೀನಿ. ಸ್ಯಾಂಪಲ್ ಅಂತ ಪುಕ್ಕಟೆ 50 ಪುಟ ಮಾಡಿಸಿಕೊಳ್ಳೋರೂ ನಮ್ಮ ಕಸುಬಿನಲ್ಲಿ ಇದ್ದಾರೆ, ನಾಚಿಕೆಯಾಗುತ್ತೆ ಹೇಳೋಕೆ.

ರಾತ್ರಿ ರೈಲು | 14 ಅಕ್ಟೋಬರ್

ಅಕ್ಕ, ಪುಟಕ್ಕೆ 40 ಅನ್ನೋದಕ್ಕೆ ನಾನು ಬಿದ್ದಿದ್ದೆ. ಕಳೆದ ವರ್ಷ, ಡಿಗ್ರಿ ಕೊನೇ ಸೆಮಿಸ್ಟರ್‌ನಲ್ಲಿ.

ಮೊದಲು ಒಂದು ಪೈಸೆಯೂ ಕೇಳಲ್ಲ, ಅದೇ ಅವರ ಜಾಣತನ. ಆಧಾರ್, ಫೋಟೋ, ಸಹಿ ತಗೊಂಡು ಒಂದು ‘ಅಗ್ರಿಮೆಂಟ್’ ಕಳಿಸ್ತಾರೆ. ಐದು ದಿನದಲ್ಲಿ 600 ಫಾರಂ ತುಂಬಬೇಕು. ಫಾರಂ ಓದೋಕೇ ಆಗದ ಹಾಗೆ ಮಸುಕಾಗಿರುತ್ತೆ. ನಾನು ರಾತ್ರಿ ಎರಡರವರೆಗೆ ಕೂತು ಮುಗಿಸಿದೆ. ಆರನೇ ದಿನ ‘ನಿಮ್ಮ ಅಕ್ಯುರಸಿ 90 ಪರ್ಸೆಂಟ್ ಬಂದಿಲ್ಲ, ಕಂಪನಿಗೆ ನಷ್ಟ, 6,200 ಕಟ್ಟಿ’ ಅಂತ. ಕಟ್ಟಲ್ಲ ಅಂದಿದ್ದಕ್ಕೆ ವಕೀಲರ ಹೆಸರಲ್ಲಿ ಫೋನು, ಕೆಂಪು ಸೀಲು ಹೊಡೆದ ‘ಕೋರ್ಟ್ ನೋಟಿಸ್’. ನಾಳೆ ಹತ್ತು ಗಂಟೆಗೆ ಪೊಲೀಸ್ ಮನೆಗೆ ಬರ್ತಾರೆ, ನಿಮ್ಮ ಅಪ್ಪನ ನಂಬರ್ ನಮ್ಮ ಹತ್ರ ಇದೆ ಅಂದ.

ನಾನು ಹೆದರಿ ಕಟ್ಟಿದೆ. ಕಟ್ಟಿದ ಮೇಲೆ ‘ಎನ್‌ಒಸಿ ಚಾರ್ಜು’ ಅಂತ ಇನ್ನೂ 3,500 ಕೇಳಿದ. ಆಗ ಚಿಕ್ಕಪ್ಪನಿಗೆ ಹೇಳಿದೆ, ಅವರು ನಕ್ಕುಬಿಟ್ಟರು. ನಿಜವಾದ ಕೋರ್ಟಿನ ಸಮನ್ಸ್ ಹೀಗೆ ರಾತ್ರಿ ಹನ್ನೊಂದಕ್ಕೆ ಗೂಗಲ್ ಪೇ ಕ್ಯೂಆರ್ ಜೊತೆ ಬರುತ್ತೇನೋ ಅಂತ ಕೇಳಿದರು. ಆವತ್ತು ನನಗೆ ನಗು ಬರಲಿಲ್ಲ.

ಕ್ಯಾಶಿಯರ್ ಕಾಕಾ | 14 ಅಕ್ಟೋಬರ್

@ರಾತ್ರಿ ರೈಲು, ಹೇಳಿದ್ದು ಒಳ್ಳೇದಾಯ್ತು. ನಾಚಿಕೊಂಡು ಸುಮ್ಮನಿರೋರಿಂದಲೇ ಅವರ ಅಂಗಡಿ ನಡೆಯೋದು. ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ಹೋದ ವರ್ಷ ನಿವೃತ್ತನಾದೆ. ಕೌಂಟರ್‌ನ ಆ ಕಡೆ ಅಳುತ್ತಾ ನಿಂತವರನ್ನು ಬಹಳ ನೋಡಿದ್ದೇನೆ.

ಈಗ ಹೆಚ್ಚು ನಡೀತಿರೋದು ‘ಟಾಸ್ಕ್’ ಮೋಸ. ಹೋಟೆಲಿಗೆ ಐದು ಸ್ಟಾರ್ ಕೊಡಿ, ವಿಡಿಯೋಗೆ ಲೈಕ್ ಒತ್ತಿ, 150 ರೂಪಾಯಿ ಅಂತಾರೆ. 150 ನಿಜವಾಗಲೂ ಖಾತೆಗೆ ಬರುತ್ತೆ! ಗಾಳಕ್ಕೆ ಸಿಕ್ಕಿಸಿದ ಎರೆಹುಳ ಅದು. ಆಮೇಲೆ ಒಂದು ಗುಂಪಿಗೆ ಸೇರಿಸ್ತಾರೆ. ಸಾವಿರ ಹಾಕಿದರೆ 1,300 ವಾಪಸ್. ಐದು ಸಾವಿರ ಹಾಕಿದರೆ ‘ನಿಮ್ಮ ಬ್ಯಾಲೆನ್ಸ್ 9,800’ ಅಂತ ಒಂದು ಪರದೆ ತೋರಿಸ್ತಾರೆ. ತೆಗೆಯೋಕೆ ಹೋದರೆ ಇನ್ನೂ 28 ಸಾವಿರ ಹಾಕಿ, ಟ್ಯಾಕ್ಸ್ ಕಟ್ಟಿ, ಖಾತೆ ಲಾಕ್ ಆಗಿದೆ... ಗುಂಪಿನಲ್ಲಿ ‘ನನಗೆ ಬಂತು, ನನಗೂ ಬಂತು’ ಅಂತ ಬರೆಯೋ ಹತ್ತು ಜನ ಎಲ್ಲಾ ಅವರ ಕಡೆಯವರೇ.

ದುಡ್ಡು ಹೋಯ್ತು ಅಂತ ಗೊತ್ತಾದ ಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗಂಡ ಬರಲಿ, ಅಣ್ಣನ್ನ ಕೇಳ್ತೀನಿ ಅಂತ ಸಂಜೆವರೆಗೆ ಕಾಯಬೇಡಿ. ಆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತೆ, ಹಾರುವ ಮುಂಚೆ ತಡೆದರೆ ಮಾತ್ರ ಸಿಗುವ ಆಸೆ. ಕೇಂದ್ರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲೂ ದೂರು ಬರೆಯಬಹುದು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ‘ನಿಮ್ಮ ಖಾತೆಗೆ ನಮ್ಮ ಕಂಪನಿ ದುಡ್ಡು ಹಾಕ್ತೀವಿ, ನೀವು ಎರಡು ಪರ್ಸೆಂಟ್ ಇಟ್ಟುಕೊಂಡು ಮುಂದಕ್ಕೆ ಕಳಿಸಿ, ಅಷ್ಟೇ ಕೆಲಸ.’ ಮನೆಯಲ್ಲೇ ಕೂತು ಸಂಬಳ ಅನ್ನಿಸುತ್ತೆ. ಅದು ಬೇರೆ ಯಾರೋ ಕಳಕೊಂಡ ದುಡ್ಡು. ಪೊಲೀಸರು ಮೊದಲು ಬಂದು ಬಾಗಿಲು ತಟ್ಟೋದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಯದ್ದು. ಒಬ್ಬ ಹುಡುಗಿಯ ಖಾತೆ ಹೀಗೆ ಸ್ತಂಭನ ಆಗಿ, ಅವಳ ಸ್ಕಾಲರ್‌ಶಿಪ್ ಹಣವೂ ಅದರಲ್ಲೇ ಸಿಕ್ಕಿಬಿತ್ತು. ಅವಳಿಗೆ ಸಿಕ್ಕಿದ್ದು 1,400 ರೂಪಾಯಿ ಕಮಿಷನ್.

ಖಡಕ್ ರೊಟ್ಟಿ | 15 ಅಕ್ಟೋಬರ್

ಏನ್ ತಂಗಿ, ಎಲ್ಲಾರೂ ಬರೇ ಅಂಜಿಸಾಕತ್ತಾರ. ನಾ ಒಂದಿಷ್ಟು ಛಲೋ ಸುದ್ದಿ ಹೇಳ್ತೀನಿ.

ನಾವು ಧಾರವಾಡದಾಗ ಇರ್ತೀವಿ. 2019ರಾಗ ಮನಿಯವರ ಕೆಲಸ ಹೋತು. ನನಗ ಬರೋದು ರೊಟ್ಟಿ ಬಡಿಯೋದು ಒಂದ. ಮೊದಲ ಹಾಸ್ಟೆಲ್ ಹುಡುಗರಿಗೆ ಬಿಸಿರೊಟ್ಟಿ ಕೊಟ್ಟೆ, ಆಮ್ಯಾಗ ಖಡಕ್ ರೊಟ್ಟಿ ಮಾಡಿ ಬೆಂಗಳೂರಿಗೆ ಕಳಸಾಕ ಶುರು ಮಾಡಿದೆ. ಮಾಲ್ದಂಡಿ ಜೋಳಾನ ಬೇಕು, ಬ್ಯಾರೆ ಜೋಳಕ್ಕ ಜಿಗಿ ಬರಂಗಿಲ್ಲ, ರೊಟ್ಟಿ ಹರೀತಾವ. ಒಂದು ಕಿಲೋ ಹಿಟ್ಟಿಗೆ ನನ್ನ ಕೈಯಾಗ 18ರಿಂದ 20 ರೊಟ್ಟಿ ಬರ್ತಾವ.

ಮೊದಲ ವರ್ಷ ನಾ ದಡ್ಡಿ. ಹಿಟ್ಟಿನ ರೊಕ್ಕ ಕಳದು ಉಳದದ್ದೆಲ್ಲಾ ಲಾಭ ಅಂತ ತಿಳಕೊಂಡಿದ್ದೆ. ಮಗಳು ಕುಂತು ಲೆಕ್ಕಾ ಹಾಕಿ ತೋರಿಸಿದಳು. ಗ್ಯಾಸ್, ಡಬ್ಬಿ, ಮುರದ ರೊಟ್ಟಿ, ಪಾರ್ಸಲ್ ಖರ್ಚು ಎಲ್ಲಾ ತಗದ್ರ ನನ್ನ ಕೂಲಿ ತಾಸಿಗೆ 22 ರೂಪಾಯಿ! ಹೊಲಕ್ಕ ಕಳೆ ತಗಿಯಾಕ ಹೋದ್ರ ಇದಕ್ಕಿಂತ ಹೆಚ್ಚು ಬರ್ತಿತ್ತು. ಆವಾಗ ನಾ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಾಕ ಹತ್ತಿದೆ. ಚಟ್ನಿ ಮುರಿಯಂಗಿಲ್ಲ, ಹಗರ, ಎರಡು ತಿಂಗಳು ಇರ್ತೈತಿ. ಈಗ ನೋಡು, ಮಂದಿ ಬರೋದು ರೊಟ್ಟಿ ಸಲುವಾಗಿ, ನನಗ ರೊಕ್ಕ ಕೊಡೋದು ಚಟ್ನಿ.

ಕಾಗದಪತ್ರ ಭಾಳ ಅಂಜಬ್ಯಾಡ. ತಿನ್ನೋ ಸಾಮಾನು ಮಾರೋರು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಸಂಸ್ಥೆ) ನೋಂದಣಿ ಮಾಡಸಬೇಕು, ನಾ ಮಾಡಿಸಿದಾಗ ವರ್ಷಕ್ಕ 12 ಲಕ್ಷದ ಒಳಗಿನ ವ್ಯಾಪಾರಕ್ಕ ಫೀ ವರ್ಷಕ್ಕ 100 ರೂಪಾಯಿ ಇತ್ತು. ನಾ 2022ರಾಗ ಐದು ವರ್ಷದ್ದು ಒಮ್ಮೆ ತುಂಬೇನಿ. ಏಜೆಂಟ್ ಒಬ್ಬ ಅದಕ್ಕ 3,000 ಕೇಳಿದ್ದ. 14 ಅಂಕಿ ನಂಬರ್ ಬರ್ತೈತಿ, ಅದನ್ನ ಪಾಕೀಟಿನ ಮ್ಯಾಲ ಹಾಕಬೇಕು, ಜೊತಿಗೆ ಏನೇನು ಹಾಕೀವಿ, ತೂಕ, ಮಾಡಿದ ತಾರೀಖು, ಹಸರು ಚುಕ್ಕಿ. ಇನ್ನೊಂದು, ಮನಿ ಸಿಲಿಂಡರ್ ಮ್ಯಾಲ ಧಂದೆ ಮಾಡೂಹಂಗಿಲ್ಲ. 19 ಕಿಲೋದ್ದು ಕಮರ್ಶಿಯಲ್ ತಗೋಬೇಕು. ಇದನ್ನ ಯಾರೂ ಹೇಳಂಗಿಲ್ಲ.

ಆದ್ರ ನಿನಗ ರೊಟ್ಟಿ ಮಾಡು ಅಂತ ನಾ ಹೇಳಂಗಿಲ್ಲ. ಅತ್ತಿಯವ್ರು ಹಾಸಿಗಿ ಹಿಡದಾರ ಅಂದ್ರ ಒಲಿ ಮುಂದ ಮೂರು ತಾಸು ಕುಂದ್ರಾಕ ಆಗಂಗಿಲ್ಲ. ನಡುವ ಎದ್ದು ಹೋದ್ರ ಹಂಚಿನ ಮ್ಯಾಲಿಂದು ಸುಟ್ಟು ಹೋಗ್ತೈತಿ.

ಕನಸು ನನಸು | 15 ಅಕ್ಟೋಬರ್

ಹಾಯ್ ಫ್ರೆಂಡ್ಸ್!! ಸಮಸ್ಯೆ ಹೇಳಿಕೊಂಡು ಅಳೋರು ಒಂದು ಕಡೆ, ಅವಕಾಶ ಹುಡುಕೋರು ಒಂದು ಕಡೆ!! ನಾನೂ ಗೃಹಿಣಿ. ಈಗ ವಾರಕ್ಕೆ 25,000!! ವೆಲ್‌ನೆಸ್ ಪ್ರಾಡಕ್ಟ್, ಬರೀ 7,500ರ ಜಾಯಿನಿಂಗ್ ಕಿಟ್, ಎಡಕ್ಕೆ ಇಬ್ಬರು ಬಲಕ್ಕೆ ಇಬ್ಬರು ಸೇರಿಸಿದರೆ ಸಾಕು, ಮಾರೋ ತಲೆನೋವೇ ಇಲ್ಲ!! ಆಸಕ್ತರು ಈ ನಂಬರಿಗೆ [ನಿರ್ವಾಹಕರು ತೆಗೆದಿದ್ದಾರೆ]

ನಿರ್ವಾಹಕ | 15 ಅಕ್ಟೋಬರ್

ನಂಬರ್ ತೆಗೆದಿದ್ದೇನೆ. ಸಂದೇಶವನ್ನು ಮಾತ್ರ ಉಳಿಸಿದ್ದೇನೆ, ಜನ ನೋಡಲಿ ಅಂತ. ‘ಮಾರೋ ತಲೆನೋವೇ ಇಲ್ಲ’ ಅನ್ನೋದನ್ನ ಎರಡು ಸಲ ಓದಿ. ಮಾರದೆ, ಬರೀ ಜನ ಸೇರಿಸಿದ್ದಕ್ಕೆ ದುಡ್ಡು ಬಂದರೆ ಅದು ಹೊಸದಾಗಿ ಸೇರಿದವರ 7,500. 1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಇದಕ್ಕೇ ಇರೋದು. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳೂ ಪಿರಮಿಡ್ ಯೋಜನೆಯನ್ನು ನಿಷೇಧಿಸುತ್ತವೆ, ಸೇರಲು ಶುಲ್ಕ ಕೇಳುವಂತಿಲ್ಲ. ಇನ್ನೊಮ್ಮೆ ಹಾಕಿದರೆ ಖಾತೆ ರದ್ದು.

ಕುಚ್ಚುಗಂಟು | 16 ಅಕ್ಟೋಬರ್

ನಾನು ದೊಡ್ಡಬಳ್ಳಾಪುರದೋಳು. ಸೀರೆ ಕುಚ್ಚು ಕಟ್ಟೋದು ನನ್ನ ಕೆಲಸ, ಒಂಬತ್ತು ವರ್ಷ ಆಯ್ತು. ಹೇಮಾವತಿ ಅವರೇ, ನಿಮ್ಮ ಪರಿಸ್ಥಿತಿಗೆ ಇದು ಹೊಂದುತ್ತೆ ಅನ್ಸುತ್ತೆ ಯಾಕಂದ್ರೆ ನಡುವೆ ಎದ್ದು ಹೋದರೂ ಏನೂ ಕೆಡಲ್ಲ. ಗಂಟು ಗಂಟಾಗೇ ಇರುತ್ತೆ.

ಬಂಡವಾಳ ಅಂದರೆ ರೇಷ್ಮೆ ದಾರದ ರೀಲು, ಸೂಜಿ, ಕತ್ತರಿ, ಕ್ರೋಶಾ ಕಡ್ಡಿ, ಒಂದಿಷ್ಟು ಮಣಿ. 600 ರೂಪಾಯಿಯಲ್ಲಿ ಶುರು ಮಾಡಬಹುದು. ಬೇಬಿ ಕುಚ್ಚಿನಿಂದ ಶುರು ಮಾಡಿ, ಹಳೇ ದುಪಟ್ಟಾದ ಮೇಲೆ ಕಲೀರಿ, ಯಾರದೋ ಮದುವೆ ಸೀರೆ ಮೇಲೆ ಅಲ್ಲ. ಬ್ಲೌಸ್ ಹೊಲಿಯೋ ಅಂಗಡಿಯವರು ಸಾದಾ ಕುಚ್ಚಿಗೆ ಗಿರಾಕಿ ಹತ್ರ 300 ತಗೊಂಡು ನಮಗೆ 120 ಕೊಡ್ತಾರೆ. ಬೇಜಾರಾಗುತ್ತೆ, ಆದರೆ ಮೊದಲ ಆರು ತಿಂಗಳು ಸೀರೆ ತಂದುಕೊಡೋರು ಅವರೇ. ಆಮೇಲೆ ಅಕ್ಕಪಕ್ಕದವರೇ ನೇರ ಬರ್ತಾರೆ. ಕ್ರೋಶಾ ಕುಚ್ಚಿಗೆ ನಾನು 700ರವರೆಗೂ ತಗೋತೀನಿ, ಆದರೆ ಅದಕ್ಕೆ ಎಂಟು ಗಂಟೆ ಬೇಕು. ಹೊಸಬರಿಗೆ ಹನ್ನೆರಡು.

ಆಷಾಢ, ಧನುರ್ಮಾಸ ಖಾಲಿ. ವರಮಹಾಲಕ್ಷ್ಮಿಗೆ ಹದಿನೈದು ದಿನ ಮುಂಚೆ ನಿದ್ದೆ ಇಲ್ಲ. ಕತ್ತು ಹಿಡ್ಕೊಳ್ಳುತ್ತೆ, ಕನ್ನಡಕ ಬಂತು ನನಗೆ. ಸೀರೆ ತಗೊಳ್ಳುವಾಗಲೇ ಸೆರಗು ಬಿಡಿಸಿ ಗಿರಾಕಿ ಎದುರಲ್ಲೇ ಫೋಟೋ ತೆಗೀರಿ. ಒಂದು ಸಲ ಮೊದಲೇ ಇದ್ದ ಅರಿಶಿನದ ಕಲೆಗೆ ನಾನು 4,000 ತೆತ್ತಿದ್ದೀನಿ.

ಪುತ್ತೂರಿನವ | 16 ಅಕ್ಟೋಬರ್

ಎಲ್ಲ ಓದಿದೆ. ವರ್ಕ್ ಫ್ರಮ್ ಹೋಮ್ ಅಂದ್ರೆ ಲಾಕ್‌ಡೌನಿನಲ್ಲಿ ಹುಟ್ಟಿದ್ದು ಅಂತ ಜನ ಮಾತಾಡ್ತಾರಲ್ಲ ಮಾರ್ರೆ, ನಮ್ಮ ಜಿಲ್ಲೆಯಲ್ಲಿ ಅದು ನನ್ನ ಅಜ್ಜಿಯ ಕಾಲದಿಂದ ಉಂಟು. ಬೀಡಿ.

ನನ್ನ ಅಮ್ಮ 31 ವರ್ಷ ಬೀಡಿ ಕಟ್ಟಿದ್ದು. ಮಡಿಲಲ್ಲಿ ತಡ್ಪೆ, ಅಂದ್ರೆ ಮೊರ, ಅದರಲ್ಲಿ ಹೊಗೆಸೊಪ್ಪು, ಎಲೆ, ಕತ್ತರಿ, ನೂಲು. ನಾವು ಶಾಲೆಯಿಂದ ಬಂದು ಬೀಡಿಯ ಬಾಯಿ ಮಡಚಿ ಕೊಡುವುದು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದ್ರೆ ಅಲ್ಲಿ ಎಣಿಸುವವ ಬೆರಳಲ್ಲಿ ಅಮುಕಿ ನೋಡಿ ಕಟ್ಟುಕಟ್ಟೇ ಬದಿಗೆ ಹಾಕ್ತಿದ್ದ, ಇದು ಸಡಿಲ, ಇದು ಗಿಡ್ಡ. ಬದಿಗೆ ಹಾಕಿದ್ದಕ್ಕೆ ಮಜೂರಿ ಇಲ್ಲ, ಬೀಡಿಯೂ ವಾಪಸ್ ಇಲ್ಲ! ಕೊಟ್ಟ ಎಲೆ ಸಾಲದಿದ್ರೆ ನಮ್ಮ ದುಡ್ಡಲ್ಲಿ ತರಬೇಕು. ಮನೆಯಿಡೀ ಹೊಗೆಸೊಪ್ಪಿನ ಘಾಟು, ಅಮ್ಮನಿಗೆ ಈಗಲೂ ಕೆಮ್ಮು.

ಆದ್ರೆ ಒಂದು ಮಾತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಅಂತ ಇತ್ತು. ಮನೆಯಲ್ಲಿ ಕೂತು ಕಟ್ಟುವವರನ್ನೂ ಅದು ನೌಕರರು ಅಂತ ಒಪ್ಪಿತು. ಅಮ್ಮನ ಹೆಸರಿನಲ್ಲಿ ಪಿಎಫ್ ಉಂಟು, ಸಣ್ಣದೊಂದು ಪಿಂಚಣಿ ಬರ್ತದೆ. ನನ್ನ ತಂಗಿ ಈಗ ಮನೆಯಲ್ಲೇ ಕೂತು ಯಾವುದೋ ಆಪ್‌ಗೆ ಚಿತ್ರಗಳಿಗೆ ಗುರುತು ಹಾಕುವ ಕೆಲಸ ಮಾಡ್ತಾಳೆ. ದುಡ್ಡು ಅಮ್ಮನಿಗಿಂತ ಜಾಸ್ತಿ. ಆದ್ರೆ ಅವಳಿಗೆ ಪಾಸ್‌ಬುಕ್ಕೂ ಇಲ್ಲ, ಪಿಎಫ್ಫೂ ಇಲ್ಲ, ಕೆಲಸ ರಿಜೆಕ್ಟ್ ಆದ್ರೆ ಹೋಗಿ ಜಗಳ ಮಾಡ್ಲಿಕ್ಕೆ ಬ್ರಾಂಚೂ ಇಲ್ಲ. ಅಮ್ಮ ಕೇಳಿದ್ರು, ‘ನಿನ್ನ ಎಣಿಸುವವ ಎಲ್ಲಿ ಕೂತುಕೊಳ್ತಾನೆ?’ ತಂಗಿಗೆ ಉತ್ತರ ಗೊತ್ತಿಲ್ಲ.

ಹೇಮಾವತಿ ದಡ | 17 ಅಕ್ಟೋಬರ್

ಎಲ್ಲರಿಗೂ ಕೈ ಮುಗಿದೆ. ಇಷ್ಟು ಜನ ಬರೀತಾರೆ ಅಂದುಕೊಂಡಿರಲಿಲ್ಲ. ಅಚ್ಚುಮೊಳೆ ಸರ್‌ಗೆ ಸಂದೇಶ ಕಳಿಸಿದ್ದೀನಿ. ಕುಚ್ಚು ಕಲಿಯೋಣ ಅಂತ ಮನಸ್ಸಾಗಿದೆ. ನಮ್ಮತ್ತೆ ಕೇಳಿಸಿಕೊಂಡು ‘ನನ್ನ ಬಲಗೈ ಚೆನ್ನಾಗಿದೆಯಲ್ಲ, ದಾರ ಬಿಡಿಸಿಕೊಡ್ತೀನಿ’ ಅಂದರು. ಇಷ್ಟು ತಿಂಗಳಲ್ಲಿ ಅವರಾಗಿಯೇ ಒಂದು ಕೆಲಸ ಕೇಳಿದ್ದು ಇವತ್ತು.

ಒಂದು ಪ್ರಶ್ನೆ. ‘ಉದ್ಯಮ್’ ನೋಂದಣಿ ಮಾಡಿಸಿ, 1,999 ಆಗುತ್ತೆ ಅಂತ ಒಬ್ಬರು ಫೋನ್ ಮಾಡಿದ್ದರು. ಬೇಕಾ ಅದು?

ಡೆಬಿಟ್ ಕ್ರೆಡಿಟ್ | 17 ಅಕ್ಟೋಬರ್

ಮೊದಲು ಅದಕ್ಕೆ ಉತ್ತರ. ಉದ್ಯಮ್ ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಪೂರ್ತಿ ಪುಕ್ಕಟೆ. 2020ರ ಜುಲೈಯಿಂದ ಜಾರಿಯಲ್ಲಿದೆ, ಸರ್ಕಾರಿ ಜಾಲತಾಣದಲ್ಲಿ ಆಧಾರ್ ಹಾಕಿ ನೀವೇ ಮಾಡಿಕೊಳ್ಳಬಹುದು. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇಲ್ಲದ ತಾಣಗಳು ದುಡ್ಡು ಕೇಳ್ತವೆ. ಈಗಲೇ ಬೇಕಾಗಿಲ್ಲ, ಸಾಲ ಕೇಳುವಾಗ ಮಾಡಿಸಿ.

ಈಗ ಬೈಗುಳ. ಮೂರು ದಿನದಿಂದ ಈ ಚರ್ಚೆ ಓದ್ತಾ ಇದ್ದೀನಿ. ರೊಟ್ಟಿ ಬಂತು, ಕುಚ್ಚು ಬಂತು, ಬೀಡಿನೂ ಬಂತು. ‘ಆಡಿಟರ್ ಆಫೀಸಲ್ಲಿ ನಾಲ್ಕು ವರ್ಷ, ಟ್ಯಾಲಿ ಎಂಟ್ರಿ, ಅದೂ ಇದೂ’ ಅಂತ ನೀವೇ ಬರೆದಿದ್ದೀರಲ್ಲ ತಾಯಿ, ಅದೂ ಇದೂ ಅಂದರೆ ಏನು? ಜಿಎಸ್‌ಟಿ ಬಿಲ್ಲು ಹೊಂದಿಸೋದು ಬರುತ್ತಾ? 2ಬಿ, ಅಂದರೆ ಸರಕು ಕೊಟ್ಟೋರು ತೋರಿಸಿದ ಬಿಲ್ಲಿನ ಪಟ್ಟಿ, ತಾಳೆ ನೋಡಿದ್ದೀರಾ? ಬ್ಯಾಂಕ್ ಸ್ಟೇಟ್‌ಮೆಂಟ್ ಹೊಂದಿಸಿದ್ದೀರಾ? ಹೌದಾದರೆ ನೀವು ಟೈಪಿಂಗ್ ಕೆಲಸ ಯಾಕೆ ಹುಡುಕ್ತಾ ಇದ್ದೀರಿ?

ತುಮಕೂರಲ್ಲಿ ನನ್ನದು ತೆರಿಗೆ ಸಲಹೆಯ ಸಣ್ಣ ಆಫೀಸು. ಪ್ರತಿ ತಿಂಗಳು 11ಕ್ಕೆ ಒಂದು ಜಿಎಸ್‌ಟಿ ರಿಟರ್ನು, 20ಕ್ಕೆ ಇನ್ನೊಂದು. 5ರಿಂದ 20ರವರೆಗೆ ನಮಗೆ ಊಟಕ್ಕೆ ಪುರಸೊತ್ತಿಲ್ಲ. ಹಾರ್ಡ್‌ವೇರ್ ಅಂಗಡಿ, ಗೊಬ್ಬರದ ಅಂಗಡಿ, ಮೆಡಿಕಲ್‌ನೋರು ಬಿಲ್ಲುಗಳನ್ನು ಚೀಲದಲ್ಲಿ ತುಂಬಿಕೊಂಡು 9ನೇ ತಾರೀಖು ಸಂಜೆ ಬರ್ತಾರೆ. ಅದೇ ಬಿಲ್ಲನ್ನು ವಾರವಾರ ಫೋಟೋ ಹೊಡೆದು ಯಾರಾದರೂ ಟ್ಯಾಲಿಗೆ ಏರಿಸಿಕೊಟ್ಟರೆ ನಾನು ಅಂಗಡಿಗೆ ತಿಂಗಳಿಗೆ 1,500ರಿಂದ 2,000 ಕೊಡೋಕೆ ತಯಾರು. ನಾನೊಬ್ಬನೇ ಅಲ್ಲ, ಇಂಥ ಸಣ್ಣ ಆಫೀಸುಗಳು ಎಲ್ಲಾ ತಾಲ್ಲೂಕಲ್ಲೂ ಇವೆ. ನಿಮ್ಮ ಹಳೇ ಆಡಿಟರ್‌ಗೆ ಒಂದು ಫೋನ್ ಮಾಡಿ. ಕೆಲಸ ಬಿಟ್ಟಿದ್ದು ನೀವು ತಾನೆ, ಅವರು ಓಡಿಸಲಿಲ್ಲವಲ್ಲ?

ಅಂದಹಾಗೆ ಸೇವೆ ಕೊಡೋರಿಗೆ ವರ್ಷಕ್ಕೆ 20 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಸರಕು ಮಾರೋರಿಗೆ ನಮ್ಮ ರಾಜ್ಯದಲ್ಲಿ 40 ಲಕ್ಷ, ಆದರೆ ಹೊರರಾಜ್ಯಕ್ಕೆ ಮಾರಿದರೆ ಆ ಮಿತಿ ಕೈಹಿಡಿಯಲ್ಲ. @ಖಡಕ್ ರೊಟ್ಟಿ, ಪುಣೆಗೆ ಚಟ್ನಿ ಕಳಿಸೋ ಮುಂಚೆ ನಿಮ್ಮ ಲೆಕ್ಕದವರನ್ನ ಕೇಳಿ.

ಖಡಕ್ ರೊಟ್ಟಿ | 17 ಅಕ್ಟೋಬರ್

ಅಯ್ಯ ಶಿವನ, ಪುಣೆಗೆ ನಮ್ಮ ಅಕ್ಕಗ ಕಳಸ್ತೀನ್ರಿ, ರೊಕ್ಕ ತಗೊಳ್ಳಂಗಿಲ್ಲ. ಅದಕ್ಕೂ ಟ್ಯಾಕ್ಸ್ ಏನ್?

ಡೆಬಿಟ್ ಕ್ರೆಡಿಟ್ | 17 ಅಕ್ಟೋಬರ್

ಅಕ್ಕನಿಗೆ ಬೇಡ. ನನಗೆ ಒಂದು ಡಬ್ಬಿ ಕಳಿಸಿದರೆ ಯೋಚನೆ ಮಾಡಬೇಕಾಗುತ್ತೆ.

ಅಕ್ಷರ ಟೀಚರ್ | 19 ಅಕ್ಟೋಬರ್

ಇದು ಹೇಮಾವತಿಯವರಿಗೆ ಅಲ್ಲ, ಇಲ್ಲಿ ಸುಮ್ಮನೆ ಓದುತ್ತಿರುವ ನಿವೃತ್ತ ಮೇಷ್ಟ್ರುಗಳಿಗೆ. ನಾನು ಶಿವಮೊಗ್ಗದಿಂದ ಕ್ಯಾಲಿಫೋರ್ನಿಯಾದ 11 ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನಮ್ಮಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆ ಆದಾಗ ಅಲ್ಲಿ ಹಿಂದಿನ ದಿನ ಸಂಜೆ ಆರು. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ನನಗೆ ಏಳೂವರೆ. ಮೊದಲ ವರ್ಷ ಇದು ಗೊತ್ತಿಲ್ಲದೆ ಒಂದು ಗಂಟೆ ಖಾಲಿ ಪರದೆ ನೋಡುತ್ತಾ ಕೂತಿದ್ದೆ.

ಕಷ್ಟ ಎಲ್ಲಿ ಅಂದರೆ ಅಕ್ಷರ ಕಲಿಸುವುದರಲ್ಲಿ ಅಲ್ಲ. ಆ ಮಕ್ಕಳು ಇಂಗ್ಲಿಷಿನಲ್ಲಿ ಯೋಚಿಸುತ್ತಾರೆ, ‘ನನಗೆ ಹಸಿವಾಗಿದೆ’ ಅನ್ನುವಾಗ ‘ನಾನು’ ಯಾಕೆ ‘ನನಗೆ’ ಆಯಿತು ಅಂತ ಕೇಳುತ್ತಾರೆ. 30 ವರ್ಷ ಸರ್ಕಾರಿ ಶಾಲೆಯಲ್ಲಿ ವ್ಯಾಕರಣ ಹೇಳಿದ ನನಗೆ ಒಂದು ಕ್ಷಣ ಉತ್ತರ ಹೊಳೆಯಲಿಲ್ಲ. ಮಗುವಿಗೆ ತಿಂಗಳಿಗೆ 2,500 ತೆಗೆದುಕೊಳ್ಳುತ್ತೇನೆ. ಮೊದಲ ಮೂರು ಮಕ್ಕಳು ನನ್ನ ಹಳೇ ವಿದ್ಯಾರ್ಥಿಗಳ ಮಕ್ಕಳೇ. ಜಾಹೀರಾತು ಕೊಟ್ಟಿಲ್ಲ.

ಅಚ್ಚುಮೊಳೆ | 20 ಅಕ್ಟೋಬರ್

ಟೀಚರ್ ಹೇಳಿದ್ದಕ್ಕೆ ನೆನಪಾಯ್ತು. ಕನ್ನಡವೇ ಬಂಡವಾಳ ಆಗಿರೋ ಕೆಲಸ ಇನ್ನೊಂದಿದೆ. ಯಂತ್ರಕ್ಕೆ ಕನ್ನಡ ಕಲಿಸೋಕೆ ಧ್ವನಿ ಮುದ್ರಿಸಿ ಕೊಡೋದು, ಮುದ್ರಿಸಿದ್ದನ್ನು ಬರೆದುಕೊಡೋದು. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಹಳ್ಳಿಗಳ ಜನರಿಂದ ಫೋನಿನಲ್ಲೇ ಕನ್ನಡ ಓದಿಸಿ ದುಡ್ಡು ಕೊಟ್ಟಿದೆ. ಹಾಗಂತ ಇದು ಕಾಯಂ ಅಲ್ಲ, ಯೋಜನೆ ಮುಗಿದರೆ ಮುಗೀತು. ನನ್ನ ಹೊಟ್ಟೆಪಾಡು ಕಿತ್ತುಕೊಂಡ ಯಂತ್ರಕ್ಕೆ ನಾವೇ ಅಕ್ಷರಾಭ್ಯಾಸ ಮಾಡಿಸ್ತಿದ್ದೀವಿ ಅನ್ನೋದು ಬೇರೆ ಮಾತು.

ಹಲಸಿನ ಮೇಣ | 22 ಅಕ್ಟೋಬರ್

ಶಿರಸಿ ಕಡೆಯವಳು. ಹಲಸಿನ ಹಪ್ಪಳ, ಅಪ್ಪೆಮಿಡಿ. ನಮ್ಮದು ವರ್ಷಕ್ಕೆ ಎರಡು ತಿಂಗಳ ಕಸುಬು, ಮಳೆ ಹಿಡಿಯುವ ಮುಂಚೆ ಒಣಗಿಸಿ ಮುಗಿಸಬೇಕು. ಒಬ್ಬೊಬ್ಬರೇ ಮಾಡಿದರೆ ಮಾರಲು ಆಗುವುದಿಲ್ಲ, ನಾವು ಒಂಬತ್ತು ಮನೆಯವರು ಸೇರಿ ಮಾಡುತ್ತೇವೆ. ಲಿಜ್ಜತ್ ಪಾಪಡ್ ಹುಟ್ಟಿದ್ದೂ ಹೀಗೇ ಅಲ್ಲವೇ, 1959ರಲ್ಲಿ ಮುಂಬೈಯ ಏಳು ಹೆಂಗಸರು 80 ರೂಪಾಯಿ ಸಾಲ ಮಾಡಿ ಶುರು ಮಾಡಿದ್ದು. ಹಿಟ್ಟು ಮನೆಗೆ ಕೊಂಡೊಯ್ದು ಲಟ್ಟಿಸಿ ತಂದುಕೊಡುವ ಪದ್ಧತಿ ಅಲ್ಲಿ ಇನ್ನೂ ಇದೆ. ನಮ್ಮಲ್ಲಿ ಅಷ್ಟು ದೊಡ್ಡದು ಆಗಲಿಲ್ಲ, ಒಂಬತ್ತು ಮನೆಯಲ್ಲಿ ಮೂರು ಮನೆಯವರು ಈಗ ಮಾತು ಬಿಟ್ಟಿದ್ದಾರೆ. ಹಪ್ಪಳ ಮಾತ್ರ ಒಟ್ಟಿಗೇ ಮಾಡುತ್ತೇವೆ.

ತರಬೇತಿ ಬೇಕು ಅನ್ನುವವರು ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು, ಊಟ ವಸತಿ ಸಹಿತ ಉಚಿತ. ನನ್ನ ನಾದಿನಿ ಅಲ್ಲಿ ಹೊಲಿಗೆ ಕಲಿತು ಬಂದಳು.

ಹೇಮಾವತಿ ದಡ | 9 ಮಾರ್ಚ್ 2025

ಐದು ತಿಂಗಳ ಮೇಲೆ ಬರ್ತಿದ್ದೀನಿ. ಆಗ ಇಷ್ಟು ಹೇಳಿಕೊಟ್ಟಿರಿ, ಏನಾಯ್ತು ಅಂತ ಹೇಳದೆ ಇದ್ದರೆ ತಪ್ಪಾಗುತ್ತೆ. ಪುಸ್ತಕದಲ್ಲಿ ಬರೆದಿಟ್ಟಿದ್ದು ಇದು.

ನವೆಂಬರ್ 1,150. ಡಿಸೆಂಬರ್ 2,480. ಜನವರಿ 3,900. ಫೆಬ್ರವರಿ 7,260.

ನವೆಂಬರಿನದು ಪೂರಾ ಅಚ್ಚುಮೊಳೆ ಸರ್ ಕೊಟ್ಟ ತಿದ್ದುವ ಕೆಲಸ, ಒಂದು ಹಳೇ ದಾಸರ ಪದಗಳ ಪುಸ್ತಕ. ಅವರು ಹೇಳಿದ ಹಾಗೇ ಡಿಸೆಂಬರ್‌ನಲ್ಲಿ ಆ ಕೆಲಸ ಸೊನ್ನೆ ಆಯ್ತು. ಕುಚ್ಚು ಕಲಿತೆ, ಮೊದಲ ನಾಲ್ಕು ಸೀರೆ ಅಕ್ಕಪಕ್ಕದವರದು, ದುಡ್ಡು ತಗೊಳ್ಳಲಿಲ್ಲ. ಆಮೇಲೆ ಇಬ್ಬರು ಟೈಲರ್ ಸೀರೆ ಕೊಡೋಕೆ ಶುರು ಮಾಡಿದರು. ಅಷ್ಟರಲ್ಲಿ ಧನುರ್ಮಾಸ ಬಂತು! ಕುಚ್ಚುಗಂಟು ಅಕ್ಕ ಮೊದಲೇ ಹೇಳಿದ್ದರು, ನಾನೇ ತಲೆಗೆ ಹಾಕ್ಕೊಂಡಿರಲಿಲ್ಲ.

ಹಳೇ ಆಡಿಟರ್‌ಗೆ ಫೋನ್ ಮಾಡೋಕೆ ನನಗೆ ಎರಡು ತಿಂಗಳು ಬೇಕಾಯ್ತು. ಮಧ್ಯದಲ್ಲಿ ಬಿಟ್ಟು ಬಂದೆ ಅನ್ನೋ ಮುಜುಗರ. ಜನವರಿಯಲ್ಲಿ ಮಾಡಿದರೆ ಅವರು ಒಂದೇ ಮಾತು ಕೇಳಿದರು, ‘ಎಷ್ಟು ಅಂಗಡಿ ತಗೋತೀಯಮ್ಮ?’ ಈಗ ಮೂರು ಇದೆ. ಗೊಬ್ಬರದ ಅಂಗಡಿಯೋರ ಬಿಲ್ಲು ಎಣ್ಣೆ ಮೆತ್ತಿಕೊಂಡಿರುತ್ತೆ, ಫೋಟೋದಲ್ಲಿ ಕಾಣಲ್ಲ, ಫೋನ್ ಮಾಡಿ ಓದಿಸಬೇಕು. ತಿಂಗಳ 6ರಿಂದ 11 ರಾತ್ರಿ ಹನ್ನೆರಡಾಗುತ್ತೆ. ಉಳಿದ ದಿನ ಕುಚ್ಚು. ಅತ್ತೆ ಬಲಗೈಯಲ್ಲಿ ದಾರ ಎಣಿಸಿ ಕಟ್ಟು ಮಾಡಿಡ್ತಾರೆ. ನಾನು 40 ಎಳೆ ಅಂದರೆ ಅವರು 44 ಇಡ್ತಾರೆ, ತುಂಬಾ ಕಾಣಲಿ ಅಂತ. ರೀಲಿನ ಖರ್ಚು ನನ್ನದು ಅಂತ ಹೇಳಿದರೂ ಕೇಳಲ್ಲ.

ಎಂಟು ಸಾವಿರ ಇನ್ನೂ ಮುಟ್ಟಿಲ್ಲ. ಈಗ ಒಂದು ತೊಂದರೆ. ಇಬ್ಬರಲ್ಲಿ ಒಬ್ಬರು ಟೈಲರ್ ಜನವರಿಯಿಂದ 2,640 ಬಾಕಿ ಇಟ್ಟಿದ್ದಾರೆ. ಕೇಳಿದರೆ ‘ಗಿರಾಕಿ ಕೊಟ್ಟಿಲ್ಲ ಕಣಮ್ಮ’ ಅಂತಾರೆ. ಏನು ಮಾಡೋದು?

ಡೆಬಿಟ್ ಕ್ರೆಡಿಟ್ | 9 ಮಾರ್ಚ್

ಗಿರಾಕಿ ದುಡ್ಡು ಕೊಡದೆ ಯಾವ ಟೈಲರ್ ಬ್ಲೌಸ್ ಬಿಟ್ಟುಕೊಟ್ಟಿದ್ದಾನೆ? ಸುಳ್ಳು. ಇನ್ನು ಮೇಲೆ ಪ್ರತಿ ಸೀರೆಗೂ ಚೀಟಿ ಬರೀರಿ, ತಾರೀಖು, ಮೊತ್ತ, ಅವರ ಸಹಿ.

ಕುಚ್ಚುಗಂಟು | 9 ಮಾರ್ಚ್

ಚೀಟಿ ಗೀಟಿ ಎಲ್ಲಾ ಆಮೇಲೆ. ಹೇಮಾವತಿ, ಅವರ ಅಂಗಡಿಯ ಸೀರೆ ಈಗ ನಿಮ್ಮ ಹತ್ರ ಇದೆಯಾ?

ಹೇಮಾವತಿ ದಡ | 9 ಮಾರ್ಚ್

ನಾಲ್ಕು ಇದೆ. ಮೂರು ಮುಗಿದಿದೆ. ಒಂದು ಬರೋ ಭಾನುವಾರದ ಮದುವೆದು.

ಖಡಕ್ ರೊಟ್ಟಿ | 9 ಮಾರ್ಚ್

ಬೀರೂಕ ಕೀಲಿ ಹಾಕು ತಂಗಿ. ಶನಿವಾರ ಅವನ ಬರ್ತಾನ.